ಮೊದಲು ಹೆಸರು, ಆಮೇಲೆ ಕೈ

ನನ್ನ ಸೋದರಮಾವನಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ‘ಹಲೋ ಮಾವ’. ನಗರಸಭೆಯ ಕಚೇರಿಯಲ್ಲಿ ಅವನು ಟೆಲಿಫೋನ್ ಆಪರೇಟರ್. ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಊರಿನವರ ಜಗಳ, ದೂರು, ಅಳಲು ಎಲ್ಲವನ್ನೂ ಆಯಾ ವಿಭಾಗಕ್ಕೆ ದಾಟಿಸುವುದು ಅವನ ಕೆಲಸ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವನ ಎರಡೂ ಕಣ್ಣುಗಳ ನೋಟವನ್ನು ತೆಗೆದುಕೊಂಡು ಹೋಗಿತ್ತು. ಅದನ್ನು ಅವನು ಹಳೆಯ ಬಾಡಿಗೆ ಮನೆ ಬಿಟ್ಟು ಬಂದ ಸಂಗತಿಯಂತೆ ಸಲೀಸಾಗಿ ಹೇಳಿ ಮುಗಿಸುತ್ತಿದ್ದ.

ಕಣ್ಣಿಲ್ಲದವರಿಗೆ ದೇವರು ಕಿವಿಯನ್ನು ಜಾಸ್ತಿ ಕೊಟ್ಟಿರುತ್ತಾನೆ ಎಂದು ಯಾರಾದರೂ ಅಂದರೆ ಮಾವನಿಗೆ ನಗು ತಡೆಯುತ್ತಿರಲಿಲ್ಲ. ಒಮ್ಮೆ ಅವನು ಕಂದಾಯ ಅಧಿಕಾರಿಯ ಹೆಂಡತಿಯ ಫೋನನ್ನು ಚರಂಡಿ ವಿಭಾಗಕ್ಕೆ ಕೊಟ್ಟಿದ್ದ. ಆಕೆ ಗಂಡನೇ ಎಂದುಕೊಂಡು ಬೈದದ್ದನ್ನೆಲ್ಲ ಅಲ್ಲಿನ ಗುಮಾಸ್ತ ಸಾರ್ವಜನಿಕರ ದೂರು ಎಂದು ಬರೆದುಕೊಂಡಿದ್ದನಂತೆ. ಕಿವಿ ಎಲ್ಲರಿಗೂ ಇರುವಷ್ಟೇ ಇದೆ, ನಾನು ಅದನ್ನು ಬಿಟ್ಟಿ ಕೂರಿಸುವುದಿಲ್ಲ ಅಷ್ಟೇ ಎನ್ನುತ್ತಿದ್ದ.

ಅತ್ತೆ ಅವನಿಗೆ ಸಿಕ್ಕಿದ್ದೂ ಫೋನಿನಲ್ಲೇ. ಆಕೆ ಸಣ್ಣ ಮಕ್ಕಳ ಶಾಲೆಯ ಟೀಚರ್. ಶಾಲೆಯ ನಲ್ಲಿಯೊಂದು ನಿಲ್ಲದೆ ಸೋರುತ್ತಿತ್ತು. ಅದಕ್ಕಾಗಿ ಪ್ರತಿ ಬೆಳಿಗ್ಗೆ ನಗರಸಭೆಗೆ ಫೋನ್ ಮಾಡಿ ಜಗಳ ಆಡುವುದು ಆಕೆಯ ಪಾಲಿಗೆ ಬಂದ ಕೆಲಸ. ನೀರಿನ ವಿಭಾಗದವರು ಎತ್ತುತ್ತಿರಲಿಲ್ಲ. ಹಾಗಾಗಿ ಜಗಳವೆಲ್ಲ ಮಾವನ ಜೊತೆಗೇ ಆಗುತ್ತಿತ್ತು. ನಲ್ಲಿ ಕೊನೆಗೂ ರಿಪೇರಿಯಾದ ಮರುದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆಗ ಮಾವನೇ ಶಾಲೆಗೆ ಫೋನ್ ಮಾಡಿ, ನಲ್ಲಿ ಚೆನ್ನಾಗಿದೆಯಾ ಟೀಚರ್ ಎಂದು ವಿಚಾರಿಸಿದ. ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೂ ಅವನು ಅತ್ತೆಯನ್ನು ಕರೆಯುತ್ತಿದ್ದದ್ದು ಟೀಚರ್ ಎಂದೇ. ಊಟಕ್ಕೆ ಕೂತಾಗ ಅತ್ತೆ ತಟ್ಟೆಯನ್ನು ಗಡಿಯಾರ ಮಾಡಿ, ಉಪ್ಪು ಹನ್ನೆರಡಕ್ಕೆ, ತರಕಾರಿ ಮೂರಕ್ಕೆ ಎಂದು ಒಂದೇ ಸಲ ಹೇಳಿ ಮುಗಿಸುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಸಹಾಯ ಮಾಡಹೋದರೆ ಮಾವನಿಗೆ ಕೋಪ ಬರುತ್ತಿತ್ತು. ಮನೆಯಿಂದ ಕಚೇರಿಗೆ ಬಿಳಿ ಕೋಲು ಹಿಡಿದು ಒಬ್ಬನೇ ನಡೆದು ಹೋಗುತ್ತಿದ್ದ, ಒಬ್ಬನೇ ಬರುತ್ತಿದ್ದ. ಅವನ ಬಿಂಕ ಅದು.

ಹಾಗೆ ಬರುತ್ತಿದ್ದ ಒಂದು ಸಂಜೆ ಫುಟ್‌ಪಾತಿನ ಮೇಲೆ ಸೈಕಲ್ಲೊಂದು ಅವನಿಗೆ ಗುದ್ದಿತು. ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಗೆ ಓಡಿಬಂದ ನೆಂಟರೆಲ್ಲ ಪಾಪ, ಕಣ್ಣು ಕಾಣದೆ ಬಿದ್ದುಬಿಟ್ಟ ಎಂದು ಮರುಗುತ್ತಿದ್ದರೆ ಮಾವ ಆ ನೋವಿನಲ್ಲೂ ತಿದ್ದುತ್ತಿದ್ದ. ಬಿದ್ದದ್ದು ತಾನಲ್ಲ, ಕಣ್ಣು ನೆಟ್ಟಗಿದ್ದ ಸೈಕಲ್ ಸವಾರ ತನ್ನ ಮೇಲೆ ಬಿದ್ದದ್ದು ಎಂದು.

ಆಪರೇಷನ್ ಆಯಿತು. ಮೂಳೆಗೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಬಿಗಿದರು. ಡಾಕ್ಟರ ಕೈಗುಣ ಚೆನ್ನಾಗಿತ್ತು, ಗಾಯ ಒಣಗುತ್ತಿತ್ತು, ವಾರ್ಡು ಶುಚಿಯಾಗಿತ್ತು. ನಮಗೆಲ್ಲ ನಿರಾಳವಾಯಿತು. ಮಾವನಿಗೆ ಮಾತ್ರ ಆಗಲಿಲ್ಲ. ಯಾರ ಎದುರೂ ಅಳುಕದ ಮನುಷ್ಯ, ಮೇಯರನ್ನೇ ಲೈನಿನಲ್ಲಿ ಕಾಯಿಸಿದವನು, ಆ ಹಾಸಿಗೆಯ ಮೇಲೆ ಎರಡೂ ಮುಷ್ಟಿ ಬಿಗಿಹಿಡಿದು ಮಲಗಿರುತ್ತಿದ್ದ. ಮಧ್ಯಾಹ್ನದ ಹೊತ್ತು ಅತ್ತೆಯ ಜೊತೆಗೋ ಬದಲಿಗೋ ಕೂರಲು ನಾನು ಹೋಗುತ್ತಿದ್ದೆ. ನೋವಾ ಮಾವ ಎಂದು ಕೇಳಿದರೆ ಅಲ್ಲ ಎನ್ನುತ್ತಿದ್ದ. ಏನು ಎಂದು ಹೇಳುತ್ತಿರಲಿಲ್ಲ. ಅವನು ಬಾಯಿ ಬಿಡಲು ಕೆಲವು ದಿನಗಳೇ ಬೇಕಾದವು.

ಅವನ ಕಷ್ಟ ಇಷ್ಟು. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಅವನ ಹತ್ತಿರ ಬಂದವರು ಮಾತಾಡಿಕೊಂಡೇ ಬರುತ್ತಾರೆ. ಇಲ್ಲಿ ಮಾತಿಲ್ಲದೆ ಕೈಗಳು ಬರುತ್ತಿದ್ದವು. ಇದ್ದಕ್ಕಿದ್ದಂತೆ ತೋಳಿಗೆ ಪಟ್ಟಿ ಸುತ್ತಿ ಯಾರೋ ಬಿಗಿಯುತ್ತಿದ್ದರು. ಯಾರೋ ತುಟಿಗೆ ಥರ್ಮಾಮೀಟರ್ ತಾಗಿಸುತ್ತಿದ್ದರು. ಹಾಸಿಗೆಯ ಕಾಲ ಬಳಿ ಯಾರೋ ನಿಂತು ಕಾಗದ ತಿರುವಿ ಹೊರಟುಹೋಗುತ್ತಿದ್ದರು. ಅವರು ಡಾಕ್ಟರೋ, ಪಕ್ಕದವರನ್ನು ನೋಡಲು ಬಂದ ನೆಂಟರೋ ಎಂದು ತಿಳಿಯುತ್ತಿರಲಿಲ್ಲ. ನೆಲ ಒರೆಸುವವಳು ಮೇಜನ್ನು ಸ್ವಲ್ಪ ಆಚೆ ತಳ್ಳಿದರೆ ನೀರಿನ ಬಾಟಲಿಯೂ ಕೋಲೂ ಒಟ್ಟಿಗೆ ಮಾಯ. ಕರೆಗಂಟೆಯ ಗುಂಡಿ ಗೋಡೆಯ ಮೇಲೆ ಎಲ್ಲೋ ಇತ್ತಂತೆ, ಅವನ ಕೈಗೆ ಸಿಕ್ಕಿರಲಿಲ್ಲ. ಒಂದು ಸಲ ಟ್ರಾಲಿಯವನು ಬಂದು, ಎಲ್ಲಿಗೆ ಏನು ಎಂದು ಹೇಳದೆ ಅವನನ್ನು ಎತ್ತಿ ಹಾಕಿಕೊಂಡು ಹೊರಟಿದ್ದ. ಎಕ್ಸ್‌ರೇಗೆ ಎಂದು ಗೊತ್ತಾದದ್ದು ಆ ಕೋಣೆಯ ಯಂತ್ರ ಕಿರ್ ಎಂದ ಮೇಲೆ. ದಾರಿಯುದ್ದಕ್ಕೂ ಇನ್ನೊಂದು ಆಪರೇಷನ್ನಿಗೆ ಕರೆದೊಯ್ಯುತ್ತಿದ್ದಾರೆ ಎಂದುಕೊಂಡೇ ಮಾವ ಬೆವೆತಿದ್ದ.

“ಯಾರೂ ಕೆಟ್ಟವರಲ್ಲ ಕಣೆ,” ಎಂದ ನನಗೆ. “ಎಲ್ಲರೂ ಒಳ್ಳೇದನ್ನೇ ಮಾಡ್ತಿದ್ದಾರೆ. ಆದ್ರೆ ಯಾರು ಅಂತ ಗೊತ್ತಿಲ್ಲದೆ ಬರೋ ಕೈ ಇದ್ಯಲ್ಲ, ಅದು ಹೂವು ಕೊಡೋಕೆ ಬಂದಿದ್ರೂ ಹೆದರಿಕೆ ಆಗುತ್ತೆ.”

ಡಾಕ್ಟರು ರೌಂಡ್ಸಿಗೆ ಬಂದಾಗ ಇನ್ನೊಂದು ತಮಾಷೆ. ಅವರು ದೊಡ್ಡ ಮೂಳೆ ಡಾಕ್ಟರು, ಹೆಸರುವಾಸಿ. ಅವರ ಹಿಂದೆ ಯಾವಾಗಲೂ ಕಿರಿಯರ ದಂಡು. ಮಾವನ ಹಾಸಿಗೆಯ ಮುಂದೆ ನಿಂತು ಅತ್ತೆಯ ಕಡೆ ತಿರುಗಿ, ಇವರಿಗೆ ನೋವಿದೆಯಾ, ಇವರು ಚೆನ್ನಾಗಿ ಊಟ ಮಾಡ್ತಾರಾ ಎಂದು ಕೇಳುತ್ತಿದ್ದರು. ಅತ್ತೆಯೂ ಪರೀಕ್ಷೆಗೆ ಕೂತ ಹುಡುಗಿಯಂತೆ ಉತ್ತರ ಕೊಡುತ್ತಿದ್ದಳು. ಒಂದು ದಿನ ಮಾವನಿಗೆ ತಡೆಯಲಾಗಲಿಲ್ಲ.

“ಟೀಚರ್‌ಗೆ ಏನೂ ನೋವಿಲ್ಲ ಡಾಕ್ಟ್ರೇ,” ಎಂದ. “ಕಾಲು ಮುರಿದಿರೋದು ನನಗೆ.”

ಕಿರಿಯರ ದಂಡಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡ ಡಾಕ್ಟರು ಮಾತ್ರ ನಗಲಿಲ್ಲ, ಮುಂದಿನ ಹಾಸಿಗೆಗೆ ಹೋದರು.

ಮಾವನ ತಲೆಯ ಮೇಲಿನ ಗೋಡೆಗೆ ಒಂದು ಬೋರ್ಡು ತೂಗುಹಾಕಿದ್ದರು. ಕೆಂಪು ಅಕ್ಷರದಲ್ಲಿ ‘ಕಣ್ಣು ಕಾಣಿಸುವುದಿಲ್ಲ’ ಎಂದಷ್ಟೇ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಒಳ್ಳೆಯ ಮನಸ್ಸಿನಿಂದ ಬರೆಸಿದ್ದು ಅದು. ಅವರು ಗಟ್ಟಿಗಿತ್ತಿ ಹೆಂಗಸು, ಇಡೀ ವಾರ್ಡು ಅವರ ಚಪ್ಪಲಿಯ ಸದ್ದಿಗೆ ನೆಟ್ಟಗಾಗುತ್ತಿತ್ತು. ಬೋರ್ಡಿನ ಸಂಗತಿ ಮಾವನಿಗೆ ಗೊತ್ತಾದದ್ದು ಯಾರೋ ನೆಂಟರು ಅದನ್ನು ಓದಿ ಲೊಚಗುಟ್ಟಿದಾಗ. ಅವನ ಮುಖ ಕೆಂಪಾಯಿತು. ಓದಿದವರು ಏನು ಮಾಡಬೇಕಂತೆ ಎಂದು ಕೇಳಿದ. ಓದಿದವರು ಮಾಡುತ್ತಿದ್ದದ್ದು ಒಂದೇ, ಅವನು ಕಿವುಡನೂ ಹೌದು ಎನ್ನುವಂತೆ ಕೂಗಿ ಮಾತಾಡುವುದು.

ಪಕ್ಕದ ಹಾಸಿಗೆಯಲ್ಲಿ ಲಾರಿ ಡ್ರೈವರೊಬ್ಬರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ದಪ್ಪ ಗಂಟಲು, ದಪ್ಪ ಮೀಸೆ, ಸಕ್ಕರೆ ಕಾಯಿಲೆ. ಅವರೂ ಮಾವನೂ ಬೇಗ ದೋಸ್ತಿಗಳಾದರು. ಮಾವ ತನ್ನ ಕಷ್ಟ ಹೇಳಿಕೊಂಡಾಗ ಡ್ರೈವರ್ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

“ಸಾಮಿ, ನನಗೆ ಎರಡು ಕಣ್ಣೂ ಚೆನ್ನಾಗಿದೆ. ಇವ್ರೆಲ್ಲ ಯಾರು, ನನಗೆ ಏನು ಕೊಡ್ತಿದ್ದಾರೆ ಅಂತ ನನಗೂ ಗೊತ್ತಿಲ್ಲ. ಕೇಳಿದ್ರೆ ಬೈತಾರೇನೋ ಅಂತ ಸುಮ್ನೆ ಬಾಯಿ ತೆಗೀತೀನಿ, ಸುಮ್ನೆ ಕೈ ಕೊಡ್ತೀನಿ. ಲಾರಿಯಲ್ಲಾದ್ರೆ ಸ್ಟೇರಿಂಗ್ ನನ್ನ ಕೈಲಿರುತ್ತೆ. ಇಲ್ಲಿ ನಾನೇ ಲೋಡು.”

ಮಾವ ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದ. ತನ್ನ ಹೆದರಿಕೆ ತನ್ನ ಕಣ್ಣಿನದು ಎಂದುಕೊಂಡಿದ್ದವನಿಗೆ, ಅದು ಆ ಹಾಸಿಗೆಯದು ಎಂದು ಆಗ ಹೊಳೆಯಿತಂತೆ. ಅಂದಿನಿಂದ ಅವನು ಕೇಳಲು ಶುರುಮಾಡಿದ. ಹತ್ತಿರ ಯಾರ ಸುಳಿವು ಸಿಕ್ಕರೂ ಸರಿ, ಫೋನಿನಲ್ಲಿ ಕೇಳುವ ಅದೇ ಮೆತ್ತಗಿನ ದನಿಯಲ್ಲಿ, ಯಾರು, ಏನು ಕೆಲಸಕ್ಕೆ ಬಂದಿರಿ ಎನ್ನುತ್ತಿದ್ದ. ಕೆಲವರು ಉತ್ತರ ಕೊಟ್ಟರು. ಕೆಲವರು ಮುಖ ಊದಿಸಿಕೊಂಡರು. ಅತ್ತೆಗೆ ಮುಜುಗರ. ಬಂದವರನ್ನೆಲ್ಲ ಹೀಗೆ ತನಿಖೆ ಮಾಡಿದರೆ ನಾಳೆ ಯಾರೂ ಹತ್ತಿರ ಬರುವುದಿಲ್ಲ ಎಂದು ಅವಳು ಗೊಣಗುತ್ತಿದ್ದಳು.

ಅಷ್ಟರಲ್ಲಿ ಆ ಘಟನೆ ನಡೆಯಿತು. ನಾನು ಆಸ್ಪತ್ರೆ ತಲುಪುವ ಸ್ವಲ್ಪ ಮುಂಚೆ ಆದದ್ದು. ಮಾವ, ಅತ್ತೆ, ಆ ನರ್ಸ್ ಮೂವರೂ ಆಮೇಲೆ ಹೇಳಿದ್ದನ್ನು ಕೂಡಿಸಿ ಹೇಳುತ್ತಿದ್ದೇನೆ.

ಅಂದು ಬೆಳಿಗ್ಗೆ ಮಾವನ ತಲೆಯ ಬಳಿಯ ಪ್ಲಗ್ಗಿನಲ್ಲಿ ಕಿಡಿ ಹಾರಿತ್ತು. ಕಣ್ಣು ಕಾಣದವರ ಕೈ ಅದಕ್ಕೆ ತಾಗೀತು ಎಂದು ಎಲೆಕ್ಟ್ರಿಷಿಯನ್ ಹೇಳಿದ್ದಕ್ಕೋ ಏನೋ, ವಾರ್ಡಿನವರು ಮಾವನ ಮಂಚವನ್ನು ಕಿಟಕಿಯ ಪಕ್ಕಕ್ಕೂ, ಕಿಟಕಿಯ ಪಕ್ಕದಲ್ಲಿದ್ದ ಡ್ರೈವರ ಮಂಚವನ್ನು ಮಾವನ ಜಾಗಕ್ಕೂ ಅದಲು ಬದಲು ಮಾಡಿದರು. ಗೋಡೆಯ ಬೋರ್ಡನ್ನು ಮಾತ್ರ ಯಾರೂ ಬದಲಾಯಿಸಲಿಲ್ಲ. ಅದು ಮೊಳೆಯಿಂದ ಅಲ್ಲೇ ತೂಗುತ್ತಿತ್ತು. ಹಾಗಾಗಿ ಅರ್ಧ ದಿನ ಡ್ರೈವರೇ ಕುರುಡರಾದರು. ತಿಂಡಿ ತಂದವಳು ಅವರ ಬೆರಳು ಹಿಡಿದು ಚಮಚಕ್ಕೆ ಮುಟ್ಟಿಸಿದಳಂತೆ, ಅವರೂ ಮಾತಾಡದೆ ಮುಟ್ಟಿಸಿಕೊಂಡರಂತೆ. ಇಬ್ಬರೂ ಅದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಡ್ರೈವರನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದರು.

ಆಗ ಹೊಸ ನರ್ಸ್ ಒಬ್ಬಳು ತಟ್ಟೆ ಹಿಡಿದು ಬಂದಳು. ಆ ವಾರ್ಡಿಗೆ ಅವಳು ಬಂದದ್ದೇ ಅಂದು. ಕಿಟಕಿಯ ಪಕ್ಕದವರಿಗೆ ಊಟಕ್ಕೆ ಮುಂಚೆ ಇನ್ಸುಲಿನ್ ಎಂದು ಅವಳಿಗೆ ಹೇಳಿ ಕಳಿಸಿದ್ದರು. ಕಿಟಕಿಯ ಪಕ್ಕದಲ್ಲಿ ಮಾವ ಮಲಗಿದ್ದ. ಅವಳು ತೋಳು ಹಿಡಿದು ಸ್ಪಿರಿಟ್ಟಿನ ಹತ್ತಿ ಒತ್ತಿದ್ದೇ ತಡ, ಮಾವ ಕೈ ಎಳೆದುಕೊಂಡು ತನ್ನ ಎಂದಿನ ಪ್ರಶ್ನೆ ಕೇಳಿದ. ಇಂಜೆಕ್ಷನ್, ಕೈ ಕೊಡಿ ಎಂದಳು ಅವಳು. ಯಾತಕ್ಕೆ ಎಂದು ಕೇಳಿದ. ಶುಗರ್‌ಗೆ ಎಂದಳು.

ತನಗೆ ಶುಗರ್ ಇಲ್ಲ ಎಂದ ಮಾವ. ಡಾಕ್ಟರು ಬರೆದಿದ್ದಾರೆ, ಇದೆಲ್ಲ ನಿಮಗೆ ಗೊತ್ತಾಗುವುದಿಲ್ಲ ಎಂದಳು ಅವಳು. ಅವಳಿಗೂ ಅವಸರ, ಇನ್ನೂ ಅರ್ಧ ವಾರ್ಡು ಬಾಕಿ ಇತ್ತು. ಅತ್ತೆ ನಡುವೆ ಬಾಯಿ ಹಾಕಿ, ಹಠ ಮಾಡಬೇಡಿ, ಕೈ ಕೊಡ್ರೀ ಎಂದು ಗದರಿದಳು. ಮಾವ ಎರಡೂ ಕೈ ಎದೆಗೆ ಕಟ್ಟಿಕೊಂಡ.

“ನನ್ನ ಹೆಸರೇನು ಅಂತ ಹೇಳಿ,” ಎಂದ. “ಹೇಳಿದ ಮೇಲೆ ಎಲ್ಲಿ ಬೇಕಾದ್ರೂ ಚುಚ್ಚಿ.”

ಅವಳು ಕಾಗದ ನೋಡಿ ಹೆಸರು ಓದಿದಳು. ಅದು ಡ್ರೈವರ ಹೆಸರು.

ತಟ್ಟೆಯಲ್ಲಿ ಏನೋ ಸಣ್ಣಗೆ ಕಿಣಿಕಿಣಿ ಎಂದಿತು. ಮಾವ ಅವಳ ಹೆಸರೇನು ಎಂದು ಕೇಳಿದ. ಉತ್ತರ ಬರಲಿಲ್ಲ, ದೂರ ಹೋಗುವ ಹೆಜ್ಜೆಗಳು ಕೇಳಿದವು, ಅಷ್ಟೇ.

ನಾನು ಹೋದಾಗ ಮಾವ ಇನ್ನೂ ಎರಡೂ ಕೈ ಎದೆಗೆ ಕಟ್ಟಿಕೊಂಡೇ ಮಲಗಿದ್ದ. ಅತ್ತೆಗೆ ಏನಾಯಿತು ಎಂದೇ ಪೂರ್ತಿ ಅರ್ಥವಾಗಿರಲಿಲ್ಲ. ಯಾರದೋ ಇಂಜೆಕ್ಷನ್ ಇವರಿಗೆ ತಂದಿದ್ದಳು, ಹೋದಳು, ಅಷ್ಟೇ ತಾನೇ ಎಂದಳು. ಮಾವನಿಗೆ ಅರ್ಥವಾಗಿತ್ತು. ಹೊಟ್ಟೆ ಖಾಲಿ ಇದ್ದಾಗ, ಸಕ್ಕರೆ ಕಾಯಿಲೆ ಇಲ್ಲದವನ ಮೈಗೆ ಆ ಔಷಧಿ ಹೋದರೆ ಸಕ್ಕರೆ ಒಮ್ಮೆಲೇ ಇಳಿದು ಜೀವಕ್ಕೇ ಕುತ್ತು ಬರಬಹುದು ಎಂದು ಡ್ರೈವರೇ ಹಿಂದಿನ ದಿನ ತಮ್ಮ ಕಾಯಿಲೆಯ ಪುರಾಣ ಹೇಳುವಾಗ ಹೇಳಿದ್ದರು. ಆದರೂ ಅವನು ಯಾರಿಗೂ ದೂರು ಹೇಳಲಿಲ್ಲ. ಮಧ್ಯಾಹ್ನದ ಮಾತ್ರೆ ಬಂದಾಗ ಒಂದೊಂದನ್ನೂ ಅಂಗೈಯಲ್ಲಿ ಇಡಿಸಿಕೊಂಡು, ಬೆರಳಿನಿಂದ ಮುಟ್ಟಿ, ಇದು ಯಾವುದು, ಇದು ಯಾತಕ್ಕೆ ಎಂದು ಕೇಳಿ ಕೇಳಿ ನುಂಗಿದ. ಮನೆಗೆ ಹೋಗೋಣ ಟೀಚರ್ ಎಂದು ಮೊದಲ ಸಲ ಅಂದ. ಅವನ ಬಾಯಲ್ಲಿ ಆ ದನಿಯನ್ನು ನಾನು ಮೊದಲೆಂದೂ ಕೇಳಿರಲಿಲ್ಲ.

ಸಂಜೆ ಬೆಳಕಿರುವಾಗಲೇ ಆ ನರ್ಸ್ ಮತ್ತೆ ಬಂದಳು. ಈ ಸಲ ತಟ್ಟೆ ಇರಲಿಲ್ಲ. ಎಳೆಯ ಮುಖ, ಅತ್ತು ಕೆಂಪಾದ ಮೂಗು. ದೂರದಿಂದಲೇ ತನ್ನ ಹೆಸರು ಹೇಳಿಕೊಂಡು ಬಂದಳು. ಮಧ್ಯಾಹ್ನ ಬಂದಿದ್ದು ನಾನೇ, ಸ್ವಲ್ಪ ಕೂರಬಹುದಾ ಎಂದು ಕೇಳಿದಳು. ನಾನು ಸ್ಟೂಲು ಬಿಟ್ಟುಕೊಟ್ಟೆ.

ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. ತಾನು ತಂದದ್ದು ಯಾರ ಔಷಧಿ, ಅದು ಮಾವನ ಮೈಗೆ ಹೋಗಿದ್ದರೆ ಏನೇನು ಆಗಬಹುದಿತ್ತು, ಹಾಸಿಗೆ ನೋಡಿದೆನೇ ಹೊರತು ಹೆಸರು ಕೇಳಲಿಲ್ಲ, ಎಲ್ಲವನ್ನೂ ಬಿಡಿಸಿ ಹೇಳಿದಳು. ಇನ್‌ಚಾರ್ಜ್ ಸಿಸ್ಟರ್‌ಗೂ ಡಾಕ್ಟರಿಗೂ ತಾನೇ ಹೋಗಿ ತಿಳಿಸಿದ್ದೇನೆ ಎಂದಳು. ಅದನ್ನು ಕೇಳಿದ ಮೇಲೆ ಅತ್ತೆ ಮಂಚದ ಕಂಬಿ ಹಿಡಿದುಕೊಂಡಳು. ಕೈ ಕೊಡ್ರೀ ಎಂದದ್ದು ಅವಳೇ ಅಲ್ಲವೇ.

ಮಾವ ಅವಳ ದನಿಯ ಕಡೆಗೆ ಮುಖ ತಿರುಗಿಸಿದ.

“ನೀವು ಹೇಳ್ದೇ ಇದ್ದಿದ್ರೆ ಇದು ನಿಮ್ಮ ಮೇಲಿನವರಿಗೆ ಗೊತ್ತಾಗ್ತಿತ್ತಾ?”

“ಇಲ್ಲ ಸರ್.”

“ಮತ್ತೆ ಯಾಕೆ ಹೇಳಿದ್ರಿ?”

“ನೀವು ನನ್ನ ಹೆಸರು ಕೇಳಿದ್ರಿ,” ಎಂದಳು ಅವಳು. “ಹೇಳ್ದೆ ಓಡಿ ಹೋಗ್ಬಿಟ್ಟೆ. ಅದು ತಡೆಯೋಕಾಗಲಿಲ್ಲ.”

ಮಾವ ಕೈ ಚಾಚಿದ. ಅವಳು ಹಿಡಿದುಕೊಂಡಳು. ಮಗು, ಊಟ ಮಾಡಿದೆಯಾ ಎಂದು ಕೇಳಿದ. ಅವಳಿಗೆ ಮತ್ತೆ ಅಳು ಬಂತು. ಅಷ್ಟೂ ಹೊತ್ತು ಮುಷ್ಟಿ ಬಿಗಿದುಕೊಂಡಿದ್ದ ಅವನ ಇನ್ನೊಂದು ಕೈ ಹೊದಿಕೆಯ ಮೇಲೆ ಸಡಿಲವಾಗಿ ಬಿದ್ದದ್ದನ್ನು ನಾನು ನೋಡಿದೆ.

ಸುದ್ದಿ ಮನೆಗೆ ಮುಟ್ಟಿದಾಗ ಅಪ್ಪ ಕೆಂಡವಾದರು. ಭಾವಮೈದುನನ ಮೇಲೆ ಅವರಿಗೆ ಜೀವ. ಮರುದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಬಂದು, ಆ ಹುಡುಗಿಯನ್ನು ಕೆಲಸದಿಂದ ತೆಗೆಸದೆ ಬಿಡುವುದಿಲ್ಲ, ಮಾವನನ್ನು ಇವತ್ತೇ ಬೇರೆ ಆಸ್ಪತ್ರೆಗೆ ಸೇರಿಸುತ್ತೇನೆ ಎಂದು ಕೂತರು. ವಿಚಾರಿಸಲು ಆಸ್ಪತ್ರೆಯ ಮುಖ್ಯಸ್ಥರೇ ವಾರ್ಡಿಗೆ ಬಂದರು. ಮಾವ ಅವರ ಬೂಟಿನ ಸದ್ದನ್ನು ಕ್ಯಾಂಟೀನಿನವನದು ಎಂದುಕೊಂಡು, ಒಂದು ಚಹಾ, ಸಕ್ಕರೆ ಕಮ್ಮಿ ಎಂದುಬಿಟ್ಟ. ಅಪ್ಪನಿಗೆ ತಲೆ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮುಖ್ಯಸ್ಥರು ಒಳ್ಳೆಯ ಮನುಷ್ಯ, ಆಗಲಿ ಎಂದು ಹೇಳಿ ಯಾರನ್ನೋ ಚಹಾಕ್ಕೆ ಕಳಿಸಿ, ಆಮೇಲೆ ತಾವು ಯಾರು ಎಂದು ತಿಳಿಸಿದರು. ಹೆಸರು ಮೊದಲೇ ಹೇಳಿದ್ದರೆ ಚಹಾದ ಖರ್ಚು ಉಳಿಯುತ್ತಿತ್ತು ಎಂದ ಮಾವ.

ನಗು ಮುಗಿದ ಮೇಲೆ ಅವರು, ನಿಮಗೆ ಏನು ಪರಿಹಾರ ಬೇಕು ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಮಾವ ಕೈ ಎತ್ತಿ ತಡೆದ. ನಾನು ಅವನನ್ನು ಕಚೇರಿಯಲ್ಲಿ ನೋಡಿದ್ದೆ, ಮನೆಯಲ್ಲಿ ನೋಡಿದ್ದೆ. ಅಂದು ಆ ಮುದುಡಿದ ನೀಲಿ ಅಂಗಿಯಲ್ಲಿ, ಕಾಲು ಅಲ್ಲಾಡಿಸಲಾಗದೆ ಮಲಗಿದ್ದಾಗ ಕಂಡಷ್ಟು ಎತ್ತರವಾಗಿ ಎಂದೂ ನೋಡಿರಲಿಲ್ಲ.

“ಆ ಹುಡುಗಿ ಇಲ್ಲೇ ಇರ್ಬೇಕು ಸರ್,” ಎಂದ. “ಈ ಆಸ್ಪತ್ರೆಗೆ ಬಂದಾಗಿನಿಂದ ನಾನು ನಂಬಿರೋದು ಅವಳೊಬ್ಬಳನ್ನೇ. ತಪ್ಪು ಎಲ್ಲರ ಕೈಲೂ ಆಗುತ್ತೆ, ನನ್ನ ಕೈಲೂ ಆಗಿದೆ, ನಾನು ಆಫೀಸರ ಹೆಂಡತಿ ಫೋನನ್ನ ಚರಂಡಿ ವಿಭಾಗಕ್ಕೆ ಕೊಟ್ಟೋನು. ಹೇಳಿದವರನ್ನ ಹೊರಗೆ ಹಾಕಿದ್ರೆ, ಒಳಗೆ ಉಳಿಯೋರೆಲ್ಲ ಹೇಳದೇ ಇರೋರೇ. ಅಂಥ ಜಾಗದಲ್ಲಿ ನಾನು ಹೇಗೆ ಕಣ್ಣು ಮುಚ್ಚಲಿ?”

ಕಣ್ಣು ಮುಚ್ಚುವ ಮಾತಿಗೆ ಡ್ರೈವರ್ ಪಕ್ಕದಿಂದ ಕೆಮ್ಮಿದರು. ಯಾರೂ ನಗಲಿಲ್ಲ. ಮುಖ್ಯಸ್ಥರು ಆಗಲಿ ಎಂದರು. ಅಪ್ಪ ಗೊಣಗಿಕೊಂಡೇ ಸೋತರು. ದಾರಿಯಲ್ಲಿ ಮನೆಗೆ ಬರುವಾಗ ಮಾತ್ರ, ನಿಮ್ಮ ಮಾವ ಇದ್ದಾನಲ್ಲ, ಅವನು ನಮ್ಮ ಮನೆತನದ ಮರ್ಯಾದೆ ಎಂದು ಒಂದೇ ಸಲ ಹೇಳಿ ಬೇರೆ ವಿಷಯಕ್ಕೆ ಹೋದರು.

ಇನ್‌ಚಾರ್ಜ್ ಸಿಸ್ಟರ್ ಅಂದೇ ಬಂದು ಮಾವನ ಮುಂದೆ ನಿಂತರು. ಹೆಸರು ಹೇಳಿಯೇ ನಿಂತರು. ಆ ಬೋರ್ಡನ್ನು ಎಲ್ಲಿ ಹಾಕಲಿ ಎಂದು ಕೇಳಿದರು. ಅದನ್ನು ತೆಗೆದುಬಿಡಿ, ನನ್ನ ಕಣ್ಣಿನ ಸುದ್ದಿ ಬಂದವರಿಗೆಲ್ಲ ಯಾಕೆ ಎಂದ ಮಾವ. ಹಾಗಾದರೆ ಏನು ಬರೆಸಲಿ ಎಂದು ಅವರು ಕೇಳಿದಾಗ ಅವನಿಗೆ ಯೋಚಿಸಬೇಕಾಗಲೇ ಇಲ್ಲ. ‘ಮೊದಲು ನಿಮ್ಮ ಹೆಸರು ಹೇಳಿ. ಯಾಕೆ ಬಂದಿರಿ ಹೇಳಿ. ನನ್ನ ಹೆಸರು ಕೇಳಿ. ಆಮೇಲೆ ಮುಟ್ಟಿ.’ ಸಿಸ್ಟರ್ ತಮ್ಮ ಕೈಯಾರೆ ಅದನ್ನು ದಪ್ಪಕ್ಷರದಲ್ಲಿ ಬರೆದು ತಂದರು. ಮಂಚ ಎಲ್ಲಿ ಹೋದರೂ ಜೊತೆಗೆ ಹೋಗಲಿ ಎಂದು ಈ ಸಲ ಗೋಡೆಗೆ ಹಾಕದೆ ಮಂಚದ ಕಂಬಿಗೇ ಕಟ್ಟಿದರು. ಕರೆಗಂಟೆಗೆ ಉದ್ದದ ತಂತಿ ಹಾಕಿಸಿ, ಗುಂಡಿಯನ್ನು ಅವನ ದಿಂಬಿನ ಅಂಚಿಗೆ ಸಿಕ್ಕಿಸಿ, ಅವನ ಬೆರಳಿನಿಂದಲೇ ಒತ್ತಿಸಿ ನೋಡಿದರು.

ಡ್ರೈವರ್ ತಮಗೂ ಒಂದು ಬೋರ್ಡು ಬೇಕು ಎಂದರು. ನಿಮಗೆ ಕಣ್ಣು ಕಾಣುತ್ತದಲ್ಲ ಎಂದು ಯಾರೋ ಕೇಳಿದ್ದಕ್ಕೆ, ಕಾಣುತ್ತೆ, ಬಂದವರು ಕಾಣಿಸ್ತಾರೆ, ಯಾಕೆ ಬಂದ್ರು ಅನ್ನೋದು ಕಾಣಿಸಲ್ಲ ಎಂದರು. ಅವರನ್ನು ನೋಡಿ ಎದುರು ಸಾಲಿನ ಅಜ್ಜನೂ ಕೇಳಿದ. ಸಿಸ್ಟರ್‌ಗೆ ಬರೆದು ಸಾಕಾಗಿ, ಅತ್ತೆಯೇ ತನ್ನ ಟೀಚರ್ ಅಕ್ಷರದಲ್ಲಿ ಉಳಿದವರಿಗೆಲ್ಲ ಬರೆದುಕೊಟ್ಟಳು. ಕೈ ಕೊಡ್ರೀ ಎಂದ ಬಾಯಿಗೆ ಇದು ಪ್ರಾಯಶ್ಚಿತ್ತ ಎಂದು ಮಾವ ಛೇಡಿಸಿದ. ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ.

ಎಲ್ಲರಿಗೂ ಇದು ಹಿಡಿಸಿತು ಎಂದೇನಲ್ಲ. ಕೆಲಸ ಅಷ್ಟಿರುವಾಗ ಈ ಹರಿಕಥೆ ಎಲ್ಲಿಂದ ತಂದರೋ ಎಂದು ಬೇಸರಪಟ್ಟವರಿದ್ದರು. ದೊಡ್ಡ ಮೂಳೆ ಡಾಕ್ಟರು ಮೊದಲ ದಿನ ಬೋರ್ಡನ್ನು ಗಟ್ಟಿಯಾಗಿ ಓದಿ, ಶಾಲೆಯ ಹಾಜರಿಯಲ್ಲಿ ಹೇಳುವಂತೆ ತಮ್ಮ ಹೆಸರು ಹೇಳಿದರು. ಅದರಲ್ಲಿ ಸ್ವಲ್ಪ ವ್ಯಂಗ್ಯ ಇತ್ತು. ಮಾವ ಅಷ್ಟೇ ಗಂಭೀರವಾಗಿ ತನ್ನ ಹೆಸರು ಹೇಳಿ ಕೈಮುಗಿದ. ಆಮೇಲೆ ಅವರು ಅತ್ತೆಯ ಕಡೆ ತಿರುಗಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಮಾವನ ಕೈಯನ್ನೇ ತೊಡೆಯ ಮೇಲೆ ಇಡಿಸಿ, ಪಟ್ಟಿ ಎಲ್ಲಿಂದ ಎಲ್ಲಿಯವರೆಗೆ ಇದೆ, ಎಲ್ಲಿ ಮೂಳೆ ಕೂಡುತ್ತಿದೆ ಎಂದು ವಿವರಿಸಿದರು. ಅವರಿಗೂ ಅದು ಇಷ್ಟವಾಯಿತೇನೋ, ಕಿರಿಯರ ದಂಡು ಕಾಯುತ್ತಿದ್ದರೂ ಎದ್ದು ಹೋಗಲು ಅವಸರ ಮಾಡಲಿಲ್ಲ.

ಮಾವ ಊರುಗೋಲಿನ ಮೇಲೆ ಮನೆಗೆ ಬಂದ. ನಿಧಾನಕ್ಕೆ ಊರುಗೋಲು ಬಿಟ್ಟು ಬಿಳಿ ಕೋಲಿಗೆ ಮರಳಿದ, ಕಚೇರಿಗೂ ಹೋದ. ಆಸ್ಪತ್ರೆಯವರು ಅವನನ್ನು ಮರೆಯಲಿಲ್ಲ. ನರ್ಸಿಂಗ್ ಕಲಿಯಲು ಹೊಸ ಮಕ್ಕಳು ಸೇರಿದಾಗ ಇನ್‌ಚಾರ್ಜ್ ಸಿಸ್ಟರ್ ಅವನನ್ನು ಕರೆಸಿಕೊಂಡರು. ನಾನೂ ಜೊತೆಗೆ ಹೋಗಿದ್ದೆ. ಭಾಷಣ ಮಾಡುತ್ತಾನೆ ಎಂದು ಎಲ್ಲರೂ ಕಾದಿದ್ದರು. ಅವನು ಒಬ್ಬರನ್ನು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಲು ಹೇಳಿ, ಉಳಿದವರು ಮಾತಾಡದೆ ಬಂದು ಕೈ, ಕಾಲು, ಹಣೆ ಮುಟ್ಟಿ ಹೋಗಿ ಎಂದ. ಅಷ್ಟೇ. ಮಲಗಿದ್ದ ಹುಡುಗಿ ಮೊದಲು ನಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಆಮೇಲೆ ಅವಳು ತಾನಾಗಿಯೇ ಮುಷ್ಟಿ ಬಿಗಿಹಿಡಿದಳು. ಆಗ ಮಾವ ಅವಳ ಪಕ್ಕ ಹೋಗಿ ತನ್ನ ಹೆಸರು ಹೇಳಿ, ಎದ್ದೇಳಮ್ಮಾ, ಮುಗೀತು ಎಂದ. ಹಿಂದೆ ಗೋಡೆಗೆ ಒರಗಿ ನಿಂತಿದ್ದ ನಮ್ಮ ಆ ನರ್ಸ್, ಈಗ ಕಲಿಸುವವರ ಸಾಲಿನಲ್ಲಿದ್ದವಳು, ನನ್ನ ಕಡೆ ನೋಡಿ ತಲೆಯಾಡಿಸಿದಳು.

ಮುಂದೆ ಕೆಲವು ವರ್ಷಕ್ಕೆ ತೊಡೆಯೊಳಗಿನ ಪಟ್ಟಿ ನೋವು ಕೊಡಲು ಶುರುಮಾಡಿತು. ಅದನ್ನು ತೆಗೆಸಬೇಕು, ಮತ್ತೆ ಆಪರೇಷನ್ ಎಂದರು. ಅಷ್ಟರಲ್ಲಿ ಊರಿಗೆ ಗಾಜಿನ ಗೋಡೆಯ ಹೊಸ ಆಸ್ಪತ್ರೆ ಬಂದಿತ್ತು. ಅಪ್ಪ ಅಲ್ಲಿಗೇ ಹೋಗೋಣ ಎಂದರು, ನೆಂಟರೆಲ್ಲ ಅದನ್ನೇ ಹೇಳಿದರು. ಅಷ್ಟು ದೊಡ್ಡ ತಪ್ಪು ಆಗಲಿದ್ದ ಜಾಗಕ್ಕೆ ಯಾರಾದರೂ ತಿರುಗಿ ಹೋಗುತ್ತಾರಾ ಎಂದು ಕೇಳಿದರು. ಮಾವ ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳಿದ, ಅದು ಅವನ ಕಸುಬಿನ ಅಭ್ಯಾಸ. ಆಮೇಲೆ, ಅಲ್ಲಿ ತಪ್ಪಾದರೆ ನನಗೆ ಬಂದು ಹೇಳುತ್ತಾರೆ ಎಂದು ನನಗೆ ಗೊತ್ತು, ಗಾಜಿನ ಆಸ್ಪತ್ರೆಯವರು ಹೇಳುತ್ತಾರೋ ಇಲ್ಲವೋ ನಿಮಗೆ ಗೊತ್ತಾ ಎಂದ.

ಹಳೆಯ ಆಸ್ಪತ್ರೆಗೇ ಹೋದೆವು. ಟ್ರಾಲಿಯವನು ಬಂದು ತಾನು ಯಾರು, ಯಾವ ಕೋಣೆಗೆ, ಎಷ್ಟು ಹೊತ್ತಿನ ಕೆಲಸ ಎಂದೆಲ್ಲ ಹೇಳಿ ಆಮೇಲೆ ಕೈ ಹಾಕಿದ. ಅವನು ಹೊಸಬ, ಮಾವನ ಕಥೆ ಅವನಿಗೆ ಗೊತ್ತಿರಲಿಲ್ಲ. ಇಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ, ಅದಕ್ಕೆ ತಾನೂ ಮಾಡುತ್ತೇನೆ ಎಂದ, ನಾನು ಕೇಳಿದಾಗ. ಅದನ್ನು ಕೇಳಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಏನಾಯಿತು ಟೀಚರ್ ಎಂದು ಟ್ರಾಲಿಯ ಮೇಲಿಂದ ಮಾವ ಕೇಳಿದ. ಏನೂ ಇಲ್ಲ, ನಡೀರಿ ಎಂದಳು.

ಪಟ್ಟಿ ಸಲೀಸಾಗಿ ಹೊರಬಂತು. ಮರುದಿನ ಮಧ್ಯಾಹ್ನ ನಾನು ಹೋದಾಗ ಮಾವ ಕೈಕಾಲು ಚೆಲ್ಲಿ, ಬಾಯಿ ತೆರೆದು ಮಲಗಿದ್ದ. ಗೊರಕೆ ವಾರ್ಡಿನ ಬಾಗಿಲಿನವರೆಗೆ ಕೇಳುತ್ತಿತ್ತು. ಪಕ್ಕದ ಹಾಸಿಗೆಯವರು ಬೆಳಗಿನಿಂದ ಹೀಗೇ, ನಮಗೆ ಒಂದು ನಿಮಿಷ ಕಣ್ಣು ಮುಚ್ಚಲು ಬಿಡುತ್ತಿಲ್ಲ ಎಂದು ಅತ್ತೆಗೆ ದೂರು ಹೇಳುತ್ತಿದ್ದರು. ಅತ್ತೆ ನೆಟ್ಟಗೆ ಕೂತು, ಮಗನಿಗೆ ಬಹುಮಾನ ಬಂದ ಸುದ್ದಿ ಕೇಳುವ ತಾಯಿಯಂತೆ, ಆ ದೂರನ್ನು ಪೂರ್ತಿ ಕೇಳಿಸಿಕೊಂಡಳು.